ಬಸ್ರೂರಿನ ಅಳಿವೆ ದಾಟಿದ ಯಾತ್ರಿಕ ಕಂಡ ಚೀನೀ ಕುಶಲಕಲೆ

ಕುಂದಾಪುರದ ಬಳಿಯ ತಲ್ಲೂರಿನಿಂದ ಹೆಚ್ಚು ದೂರವಿಲ್ಲದ ಬಸ್ರೂರು ಮಧ್ಯಯುಗದ ಹೆಸರಾಂತ ಬಂದರುಗಳಲ್ಲಿ ಒಂದು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಮೊರಾಕ್ಕೊದ ಇಬ್ನ್ ಬತೂತ 1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಾಗುವಾಗ ಕಂಡ ‘ಅಬೂ ಸರೂರ್’ ಈ ಬಸ್ರೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅವನ ಬರಹದಲ್ಲಿ ಅದು ದೊಡ್ಡ ಅಳಿವೆಯ ದಡದಲ್ಲಿರುವ, ತೆಂಗು ತುಂಬಿದ ಚಿಕ್ಕ ಊರು. ಕಲ್ಲಿಕೋಟೆಯಲ್ಲಿ ಹಡಗು ಒಡೆದು ರಾಯಭಾರ ಮುರಿದುಬಿದ್ದರೂ, ಮಾಲ್ಡೀವ್ಸ್, ಸುಮಾತ್ರಾಗಳನ್ನು ಸುತ್ತಿ ಅವನು ಕೊನೆಗೆ ಚೀನಾ ಮುಟ್ಟಿದನು.

ಚಿತ್ರಕಲೆಯಲ್ಲಿ ಚೀನೀಯರಿಗೆ ಸರಿಸಾಟಿಯಾದವರು ಬೇರೆಲ್ಲೂ ಇಲ್ಲವೆಂಬುದು ಅವನ ಮಾತು. ಚಿತ್ರಕಾರರ ಪೇಟೆಯನ್ನು ಹಾದುಹೋಗಿ ಸಂಜೆ ಮರಳುವಷ್ಟರಲ್ಲಿ ಅವನ ಮತ್ತು ಸಂಗಡಿಗರ ರೂಪಗಳು ಕಾಗದದ ಮೇಲೆ ಮೂಡಿ ಗೋಡೆಗೆ ಏರಿದ್ದವು. ಪರದೇಶಿ ತಪ್ಪು ಮಾಡಿ ಓಡಿಹೋದರೆ ಹಿಡಿಯಲು ಈ ಚಿತ್ರಗಳು ನೆರವಾಗುತ್ತಿದ್ದವಂತೆ. ರೇಷ್ಮೆಯಾದರೋ ಅಲ್ಲಿ ಬಡವರೂ ಉಡುವಷ್ಟು ಹೇರಳವಾಗಿದ್ದು, ಒಂದು ಹತ್ತಿಬಟ್ಟೆಯ ಬೆಲೆಗೆ ಹಲವು ರೇಷ್ಮೆ ಉಡುಪುಗಳು ದೊರೆಯುತ್ತಿದ್ದವು. ಸೊಬಗಿಗಿಂತ ಬಳಕೆ, ಬೆಲೆಗಳ ಕಡೆಗೇ ಅವನ ಕಣ್ಣು ಮೊದಲು ಹೋಗುತ್ತಿದ್ದುದರಿಂದಲೇ ಈ ವಿವರಗಳು ಉಳಿದಿವೆ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಪಿಂಗಾಣಿಯ ವಿಷಯದಲ್ಲಿ ಮಾತ್ರ ಅವನ ವಿವರಣೆ ದಾರಿ ತಪ್ಪುತ್ತದೆ. ಬೆಟ್ಟದ ಮಣ್ಣು ಇದ್ದಿಲಿನಂತೆ ಉರಿಯುತ್ತದೆ, ಅದನ್ನು ಮೂರು ದಿನ ಸುಟ್ಟು ನೀರು ಸುರಿದರೆ ಮತ್ತೆ ಮಣ್ಣಾಗುತ್ತದೆ ಎಂದು ಅವನು ಬರೆದಿದ್ದಾನೆ. ವಾಸ್ತವದಲ್ಲಿ, ಕೇಯೊಲಿನ್ ಎಂಬ ಬಿಳಿ ಜೇಡಿಯನ್ನು ಪುಡಿಮಾಡಿದ ಒಂದು ಬಗೆಯ ಕಲ್ಲಿನೊಡನೆ ಕಲಸಿ, ಪಾತ್ರೆಯ ಆಕಾರ ಕೊಟ್ಟು, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟಾಗ ಅದರ ಕಣಗಳು ಕರಗಿ ಒಂದಾಗಿ, ಬೆಳಕು ತೂರುವಷ್ಟು ತೆಳುವಾದರೂ ನೀರು ಹೀರದ ಪಿಂಗಾಣಿಯಾಗುತ್ತದೆ. ಮೇಲಿನ ಗಾಜಿನಂಥ ಲೇಪವು ಉಪ್ಪು, ಹುಳಿಗಳಿಗೆ ಜಗ್ಗುವುದಿಲ್ಲ. ಕುಂದಾಪುರದ ಮನೆಗಳ ಉಪ್ಪಿನಕಾಯಿ ಭರಣಿಗಳು ಪಿಂಗಾಣಿಯಷ್ಟು ನಯವಲ್ಲದಿದ್ದರೂ ಅವುಗಳನ್ನು ಕಾಯುವುದು ಇಂಥದೇ ಲೇಪ. ಇಬ್ನ್ ಬತೂತನ ಶತಮಾನದಲ್ಲಿ ಚೀನಾದ ಜಿಂಗ್‌ಡೆಜೆನ್ ಊರಿನ ಆವಿಗೆಗಳಲ್ಲಿ ಮೆರೆದ ನೀಲಿ-ಬಿಳಿ ಪಾತ್ರೆಗಳ ನೀಲಿ ಬಣ್ಣ ಕೋಬಾಲ್ಟ್ ಎಂಬ ಲೋಹದ ಅದಿರಿನದು. ಅದು ಪರ್ಶಿಯಾದಿಂದ ಬರುತ್ತಿತ್ತು. ಚೀನಾದ್ದೆಂದೇ ಜಗತ್ತು ಗುರುತಿಸುವ ಈ ಕಲೆಯಲ್ಲಿ ಹೀಗೆ ಕಡಲ ವ್ಯಾಪಾರದ ಪಾಲೂ ಸೇರಿದೆ.

ಚೀನೀ ಪಿಂಗಾಣಿ ಪಾತ್ರೆಗಳು ಭಾರತಕ್ಕೂ ತನ್ನ ತಾಯ್ನಾಡಿಗೂ ರಫ್ತಾಗುತ್ತವೆಂದು ಇಬ್ನ್ ಬತೂತ ದಾಖಲಿಸಿದ್ದಾನೆ. ಚೀನೀ ಹಡಗುಗಳು ನಿಲ್ಲುತ್ತಿದ್ದುದು ಏಳಿಮಲೆ, ಕಲ್ಲಿಕೋಟೆ, ಕೊಲ್ಲಂಗಳಲ್ಲಿ ಮಾತ್ರ ಎಂದೂ ಅವನು ಹೇಳುವುದರಿಂದ, ಬಡಗಣ ಬಂದರುಗಳಿಗೆ ಈ ಸರಕು ನಾಡಿನ ಸಣ್ಣ ಹಡಗುಗಳಲ್ಲಿ ಬಂದಿರಬೇಕು. ಇಂಥ ಸರಕು ಒಳನಾಡಿಗೂ ತಲುಪಿತ್ತೆಂಬುದಕ್ಕೆ ಸಾಕ್ಷಿಯಾಗಿ ಘಟ್ಟದಾಚೆಯ ಹಂಪಿಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ.