ಅಡಿಕೆ ಮರದ ಮೇಲಿನ ಬರವಣಿಗೆ

ಹಳದಿ ಎಲೆ ರೋಗ, ಕೊಳೆ, ಈಗ ಎಲೆಚುಕ್ಕೆ. ಇಷ್ಟನ್ನು ಕಂಡ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಾರರಿಗೆ ಮರದಲ್ಲಿ ಯಾವ ಕಲೆ ಕಂಡರೂ ಎದೆ ಧಸಕ್ಕೆನ್ನುವುದು ಸಹಜ. ಅಡಿಕೆ ಮರಕ್ಕೆ ಸುಣ್ಣ ಸಿಡಿದಂತೆ ಅಂಟಿಕೊಂಡಿರುವ ಬೂದುಬಿಳಿ ಮಚ್ಚೆಗಳನ್ನು ಬೂಷ್ಟು ಎಂದುಕೊಂಡು ಕತ್ತಿಯಿಂದ ಕೆರೆಯುವವರೂ ಇದ್ದಾರೆ.

ಕೆರೆಯುವ ಮುನ್ನ ಕಣ್ಣು ಹತ್ತಿರ ಒಯ್ದು ನೋಡಬೇಕು. ಕೆಲವು ಮಚ್ಚೆಗಳ ತುಂಬ ಕಪ್ಪು ಗೀರುಗಳು. ಕೊಂಬು, ಇಳಿ, ಒತ್ತಕ್ಷರ ಎಲ್ಲ ಇದ್ದಂತೆ. ಶೃಂಗೇರಿ ಮಠದ ಕಡತಗಳಲ್ಲಿ ಕಪ್ಪು ಬಟ್ಟೆಯ ಮೇಲೆ ಬಿಳಿ ಬಳಪದ ಬರಹ. ಇಲ್ಲಿ ಬಿಳಿಯ ಮೇಲೆ ಕಪ್ಪು.

ಇಂಥ ಬರಹದ ದೊಡ್ಡ ಕುಲವೊಂದರ ಹೆಸರು ಗ್ರಾಫಿಸ್. ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ನೆಂಟ; ಈ ಇಡೀ ಬಳಗವನ್ನೇ ಇಲ್ಲಿ ಕಲ್ಲುಹೂವು ಎನ್ನೋಣ. 1753ರಲ್ಲಿ ಲಿನೇಯಸ್ ಯುರೋಪಿನ ಒಂದು ಜಾತಿಗೆ ‘ಬರೆದದ್ದು’ ಎಂಬ ಅರ್ಥದ ಹೆಸರಿಟ್ಟ. ಹತ್ತು ವರ್ಷದ ಮೇಲೆ ಫ್ರಾನ್ಸಿನ ಅಡಾನ್ಸನ್ ಗ್ರಾಫಿಸ್ ಕುಲವನ್ನು ಹೆಸರಿಸಿದ. ಮನೆಗೆ ಹೆಸರು ಬಂತು; ಒಳಗೆ ಯಾರಿದ್ದಾರೆಂದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು.

1867ರಲ್ಲಿ ಸ್ವಿಟ್ಜರ್ಲೆಂಡಿನ ರೈತನ ಮಗ ಸೈಮನ್ ಶ್ವೆಂಡೆನರ್, ಕಲ್ಲುಹೂವು ಒಂದೇ ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿಯ ಜೋಡಿ ಎಂದ. ಅವನ ಲೆಕ್ಕದಲ್ಲಿ ಶಿಲೀಂಧ್ರ ಒಡೆಯ, ಪಾಚಿ ಅನ್ನ ಬೇಯಿಸಿ ಹಾಕುವ ಸೆರೆಯಾಳು. ಗೇಣಿ ಕಂಡ ಮಲೆನಾಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಪ್ಯಾರಿಸ್‌ನಲ್ಲಿದ್ದ ನೈಲಾಂಡರ್ ಮಾತ್ರ ಕೆರಳಿದ. ರಾಸಾಯನಿಕದ ಹನಿ ಹಾಕಿ ಬಣ್ಣ ನೋಡಿ ಕಲ್ಲುಹೂವು ಗುರುತಿಸುವ ವಿದ್ಯೆ ಅವನದೇ, ಇಂದಿಗೂ ನಡೆಯುತ್ತಿದೆ. ಅಂಥವನು 1899ರಲ್ಲಿ ಸಾಯುವ ತನಕ ಈ ಜೋಡಿಯನ್ನು ಒಪ್ಪಲಿಲ್ಲ.

ಜಗಳದ ನಡುವೆ ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ತೊಗಟೆಯ ಮೇಲಿನ ಈ ಹಕ್ಕಳೆಗಳನ್ನೇ ಸೂಕ್ಷ್ಮದರ್ಶಕದಡಿ ಇಟ್ಟ. ಗ್ರಾಫಿಸ್ ಕೂಡ ಅವುಗಳಲ್ಲಿತ್ತು. ಕಂಡದ್ದು ವಿಚಿತ್ರ. ಮೊದಲು ಶಿಲೀಂಧ್ರವೊಂದೇ ತೊಗಟೆಯಲ್ಲಿ ಬಿಡಾರ ಹೂಡುತ್ತದೆ. ಟ್ರೆಂಟೆಪೋಲಿಯಾ ಎಂಬ ಪಾಚಿಯ ಎಳೆಗಳು ಆಮೇಲೆ ಬಂದು ಸೇರುತ್ತವೆ. (ಮಲೆನಾಡಿನ ಒದ್ದೆ ಗೋಡೆ, ಮರಗಳಿಗೆ ಕಿತ್ತಳೆ ಮಖಮಲ್ಲು ಹೊದಿಸುವುದೂ ಇದೇ ಪಾಚಿಯ ಬಳಗ.) ಆಳು ಬರುವ ಮೊದಲೇ ಒಡೆಯ ಬದುಕಿದ್ದನಲ್ಲ! ಯಾರು ಯಾರನ್ನು ಸುಲಿಯುತ್ತಾರೆಂಬ ತೀರ್ಪು ಬದಿಗಿರಲಿ, ಇಬ್ಬರೂ ಕೂಡಿದ್ದಾರೆ ಎಂದಷ್ಟೇ ಹೇಳುವ ಒಂದು ಪದ ಬೇಕೆನಿಸಿ, 1877ರಲ್ಲಿ ‘ಸಿಂಬಿಯೋಟಿಸ್ಮಸ್’ ಎಂದು ಬರೆದ. ಮರುವರ್ಷ ಸಸ್ಯವಿಜ್ಞಾನಿ ಡಿ ಬಾರಿ ಹೆಚ್ಚುಕಡಿಮೆ ಅದೇ ಪದವನ್ನು ಭಾಷಣದಲ್ಲಿ ಬಳಸಿದ. ಹೆಸರು ಅವನಿಗೆ ಹೋಯಿತು. ನಮ್ಮ ಪಠ್ಯಪುಸ್ತಕಗಳ ‘ಸಹಜೀವನ’ದ ಬೇರು ಇರುವುದು ಫ್ರಾಂಕ್‌ನ ತೊಗಟೆಯಲ್ಲಿ. ಹೆಸರು ಡಿ ಬಾರಿಗೆ ಹೋದದ್ದು ಅನ್ಯಾಯವೆಂದೇ ನನ್ನ ಎಣಿಕೆ.

ಕಪ್ಪು ಗೀರುಗಳು ಶಿಲೀಂಧ್ರದ ಫಲಕಾಯಗಳು. ಗೀರಿನ ನಡುವಿನ ಸೀಳಿನಿಂದ ಬೀಜಕಣ ಹಾರುತ್ತದೆ, ಒಂಟಿಯಾಗಿ. ಹೋದಲ್ಲಿ ಹೊಸ ಪಾಚಿ ಸಿಗಬೇಕು. ಪಶ್ಚಿಮಘಟ್ಟದ ಈ ವಂಶವನ್ನು 1970ರ ದಶಕದಲ್ಲಿ ಪುಣೆಯ ಪಟವರ್ಧನ್ ಮತ್ತು ಕುಲಕರ್ಣಿ ಶೋಧಿಸಿದರು. ಬರಹ ನೋಡಿದ ಮಾತ್ರಕ್ಕೆ ಹೆಸರು ಹೇಳುವಂತಿಲ್ಲ: ಬೀಜಕಣ ಬಣ್ಣವಿಲ್ಲದ್ದಾದರೆ ಗ್ರಾಫಿಸ್ ಇರಬಹುದು, ಕಂದಾದರೆ ಫಿಯೋಗ್ರಾಫಿಸ್.

ಈ ಕಲ್ಲುಹೂವು ಮರದ ರಸ ಹೀರುವುದಿಲ್ಲ. ಅನ್ನ ಪಾಚಿಯದು, ನೀರು ಮಳೆಯದು. ಹಳದಿ ಎಲೆಗೂ ಎಲೆಚುಕ್ಕೆಗೂ ಇದು ಕಾರಣವಲ್ಲ. ಕತ್ತಿ ಕೆಳಗಿಡಿ.