ಅಗಲ ಪರದೆ ಕೊಳ್ಳುವ ಮುನ್ನ ಲ್ಯಾಪ್‌ಟಾಪಿನ ಪೋರ್ಟ್ ನೋಡಿ

ಸಣ್ಣ ಉದ್ದಿಮೆಗಳ ಕಚೇರಿಗಳಲ್ಲಿ ಮೇಜಿನ ಗಣಕಯಂತ್ರದ ಸ್ಥಾನವನ್ನು ಲ್ಯಾಪ್‌ಟಾಪ್ ಆಕ್ರಮಿಸಿ ಬಹುಕಾಲವಾಯಿತು. ಒಯ್ಯಲು ಹಗುರ; ವಿದ್ಯುತ್ ಹೋದರೂ ಕೆಲಸ ನಿಲ್ಲದು. ಆದರೆ ಲೆಕ್ಕಪತ್ರ ನೋಡುವವರಿಗೆ ಅದರ 14 ಅಥವಾ 15 ಇಂಚಿನ ಪರದೆ ಸಾಲದು. 2022ರ ಜನವರಿ 1ರಿಂದ, ಮಾರಾಟಗಾರನು ನಮೂದಿಸಿ ನಮ್ಮ ಜಿಎಸ್‌ಟಿಆರ್-2ಬಿ ತಃಖ್ತೆಯಲ್ಲಿ ಕಾಣಿಸಿಕೊಂಡ ಬಿಲ್ಲಿಗೆ ಮಾತ್ರ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಈ ತಃಖ್ತೆಯನ್ನೂ ಖರೀದಿ ವಹಿಯನ್ನೂ ಸರದಿಯಂತೆ ತೆರೆಯುತ್ತ, ಬಿಲ್ಲಿನ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡು ತಾಳೆ ನೋಡುವ ಗುಮಾಸ್ತರು ಒಂದು ಸಾಲು ತಪ್ಪಿದರೂ ನಷ್ಟ ಸಂಸ್ಥೆಗೇ. ಅಗಲವಾದ ಮಾನಿಟರಿನಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

ಈ ಉದ್ದೇಶದಿಂದಲೇ ಪರಿಚಿತ ಉದ್ದಿಮೆದಾರರೊಬ್ಬರು 21:9 ಪ್ರಮಾಣದ 29 ಇಂಚಿನ ಮಾನಿಟರ್ ತರಿಸಿದರು. ಹಳೆಯ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಜೋಡಿಸಿದಾಗ ಚಿತ್ರವೇನೋ ಬಂತು. ಅಕ್ಷರಗಳು ಮಾತ್ರ ಅಡ್ಡಡ್ಡಲಾಗಿ ಹಿಗ್ಗಿ ಮಸುಕಾಗಿದ್ದವು. 3 ಯಾವುದು, 8 ಯಾವುದು ಎಂದು ಕಣ್ಣು ಕಿರಿದುಗೊಳಿಸಿ ನೋಡಬೇಕಾಯಿತು. ಮಾನಿಟರ್ ದೋಷಪೂರಿತವೆಂದು ಅವರು ಅಂಗಡಿಗೆ ಹಿಂದಿರುಗಿಸಲು ಸಿದ್ಧರಾಗಿದ್ದರು.

ದೋಷ ಮಾನಿಟರಿನದಾಗಿರಲಿಲ್ಲ. ಅದರಲ್ಲಿದ್ದುದು ಅಡ್ಡಕ್ಕೆ 2560, ಉದ್ದಕ್ಕೆ 1080, ಒಟ್ಟು 27,64,800 ಬಿಂದುಗಳು. ಚಿತ್ರವನ್ನು ಸೆಕೆಂಡಿಗೆ 60 ಬಾರಿ ಕಳುಹಿಸಬೇಕಾದರೆ 16.58 ಕೋಟಿ ಬಿಂದುಗಳಾದುವು. 2002ರಲ್ಲಿ ಬಂದ ಎಚ್‌ಡಿಎಂಐಯ ಆರಂಭದ ಆವೃತ್ತಿಗಳ ಮಿತಿಯಾದರೋ ಸೆಕೆಂಡಿಗೆ 16.5 ಕೋಟಿ! 2006ರ ಆವೃತ್ತಿ ಈ ಮಿತಿಯನ್ನು 34 ಕೋಟಿಗೆ ಏರಿಸಿತಾದರೂ ಆ ಬಳಿಕದ ಕೆಲವು ಲ್ಯಾಪ್‌ಟಾಪುಗಳೂ ಹಳೆಯ ಮಿತಿಯಲ್ಲೇ ಉಳಿದವು. ಅಂಥ ಯಂತ್ರ 1920×1080ರ ಚಿತ್ರವನ್ನಷ್ಟೇ ಕಳುಹಿಸುತ್ತದೆ; ಮಾನಿಟರ್ ಅದನ್ನು ಮೂರನೆಯ ಒಂದು ಪಾಲು ಹಿಗ್ಗಿಸಿ ತನ್ನ ಅಗಲ ತುಂಬಿಕೊಳ್ಳುತ್ತದೆ. ಅನುಮಾನವಿದ್ದವರು ಪರದೆಯ ಮೇಲೆ ಒಂದು ವೃತ್ತ ಬರೆದು ನೋಡಲಿ. ಅದು ಮೊಟ್ಟೆಯಾಕಾರವಾದರೆ ಕಾರಣ ಇದೇ.

ಅದೃಷ್ಟವಶಾತ್ ಆ ಲ್ಯಾಪ್‌ಟಾಪಿನ ಬದಿಯಲ್ಲಿ ಯಾರೂ ಬಳಸದೆ ಬಿಟ್ಟಿದ್ದ ಪುಟ್ಟ ಡಿಸ್‌ಪ್ಲೇಪೋರ್ಟ್ ಒಂದಿತ್ತು. ಒಂದು ಕೇಬಲ್ಲಿನ ಖರ್ಚಿನಲ್ಲಿ ಕೆಲಸ ಮುಗಿಯಿತು. ಅದೂ ಇಲ್ಲದಿದ್ದಲ್ಲಿ ಸೆಕೆಂಡಿಗೆ 60ರ ಬದಲು 50 ಬಾರಿಗೆ ಇಳಿಸಿ ಪ್ರಯತ್ನಿಸಬಹುದು. ಲೆಕ್ಕಪತ್ರದ ಕೆಲಸದಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳದು.

ಕೇಬಲ್ ಕೊಳ್ಳುವಾಗಲೂ ಎಚ್ಚರ ಅಗತ್ಯ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾಮಾನ್ಯ ಕೇಬಲ್ಲನ್ನು ತಿರುಗಿಸಿ ಜೋಡಿಸಿದರೆ ಚಿತ್ರ ಬಾರದು. ಆ ದಿಕ್ಕಿಗೆ ಬೇರೆಯೇ ಪರಿವರ್ತಕ ಬೇಕು. ಹೊಸ ಲ್ಯಾಪ್‌ಟಾಪುಗಳ ಯುಎಸ್‌ಬಿ-ಸಿ ಪೋರ್ಟ್‌ಗಳೆಲ್ಲವೂ ಚಿತ್ರ ಕಳುಹಿಸುವುದಿಲ್ಲ. ಕೆಲವು ಚಾರ್ಜಿಂಗ್‌ಗೂ ಕಡತ ವರ್ಗಾವಣೆಗೂ ಮಾತ್ರ ಸೀಮಿತ. ಇನ್ನು 1987ರಲ್ಲಿ ಐಬಿಎಂ ತಂದ ವಿಜಿಎ ಈ ಕಾಲದ ಅಗಲ ಪರದೆಗೆ ಹೇಳಿಸಿದ್ದಲ್ಲ.

ಜೋಡಿಸಿದ ಮೇಲೆ ವಿಂಡೋಸ್ ಕೀಲಿಯೊಡನೆ ಪಿ ಒತ್ತಿ, ಪರದೆಯನ್ನು ವಿಸ್ತರಿಸುವ ಆಯ್ಕೆಯನ್ನು ಆರಿಸಬೇಕು. ಒಂದೇ ಚಿತ್ರವನ್ನು ಎರಡೂ ಕಡೆ ತೋರಿಸುವ ಆಯ್ಕೆಯಲ್ಲಿ ದೊಡ್ಡ ಪರದೆಯೂ ಚಿಕ್ಕದರ ಅಳತೆಗೆ ಇಳಿಯುವುದುಂಟು. ಮುಚ್ಚಳ ಮುಚ್ಚಿದಾಗ ಯಂತ್ರ ನಿದ್ರೆಗೆ ಜಾರದಂತೆ ವಿದ್ಯುತ್ ಆಯ್ಕೆಗಳಲ್ಲಿ ಬದಲಿಸಿಕೊಂಡರೆ ಮೇಜಿನ ಮೇಲೆ ಜಾಗವೂ ಉಳಿಯುತ್ತದೆ.

32 ಇಂಚಿಗಿಂತ ದೊಡ್ಡ ಮಾನಿಟರುಗಳ ಮೇಲೆ ಶೇ. 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿರುವುದರಿಂದ ಕೊಳ್ಳುವ ಉತ್ಸಾಹ ಹೆಚ್ಚುವುದು ಸಹಜ. ಆದರೆ ಅಂಗಡಿಗೆ ಹೋಗುವಾಗ ಲ್ಯಾಪ್‌ಟಾಪನ್ನೂ ಒಯ್ದು, ಅಲ್ಲಿಯೇ ಜೋಡಿಸಿ ನೋಡಿಯೇ ಹಣ ಕೊಡುವುದು ಲೇಸು. ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ಬರೆಸಲು ಮರೆಯಬಾರದು. ಮುಂದಿನ 2ಬಿಯಲ್ಲಿ ಆ ಮಾನಿಟರೂ ಒಂದು ಸಾಲಾಗಿ ಕಾಣಬೇಕಷ್ಟೆ.