ಸಣ್ಣ ಸಂಬಳಕ್ಕೆ ಒಳ್ಳೆಯ ಸ್ಪೀಕರು: ಕಂಪ್ಯೂಟರಿನಲ್ಲಿ ಸಂಗೀತ ಕೇಳುವವರಿಗೆ

ಪುಣೆ ಪಟ್ಟಣವು ಸಂಗೀತದ ತವರೆಂದು ಮರಾಠಿ ಬಾಂಧವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆ ಮಾತು ಸಟೆಯಲ್ಲ. ಆದರೆ ಆ ತವರುಮನೆಯ ಗೋಡೆಗಳಲ್ಲಿ ಕನ್ನಡ ನಾಡಿನ ಕಲ್ಲುಗಳೆಷ್ಟಿವೆ ಎಂಬುದನ್ನು ನಮ್ಮವರೇ ಮರೆಯುತ್ತಿದ್ದಾರೆ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡದ್ದು ಈ ಪುಣೆಯಲ್ಲಿಯೇ. ಮರುವರ್ಷ, 1953ರಲ್ಲಿ, ಗುರುವಿನ ಪುಣ್ಯಸ್ಮರಣೆಗೆಂದು ಸಂಗೀತೋತ್ಸವವನ್ನು ಕಟ್ಟಿ ನಿಲ್ಲಿಸಿದವರು ಗದಗಿನ ಭೀಮಸೇನ ಜೋಶಿಯವರು. ಧಾರವಾಡದ ಸೀಮೆಯ ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು, ಇವರ ಹೆಸರು ಕೇಳಿದರೆ ಪುಣೆಯ ರಸಿಕರು ಇಂದಿಗೂ ಕಿವಿ ಮುಟ್ಟಿಕೊಳ್ಳುತ್ತಾರೆ.

ಇಷ್ಟಾಗಿಯೂ ಡಿಸೆಂಬರಿನ ಆ ಉತ್ಸವದಲ್ಲಿ ನಿಶ್ಚಿಂತೆಯಿಂದ ಕುಳಿತು ಕೇಳುವ ಭಾಗ್ಯ ನಮ್ಮವರಲ್ಲಿ ಎಷ್ಟು ಮಂದಿಗಿದೆ? ಗವಾಯಿಗಳು ತಂಬೂರಿ ಶ್ರುತಿ ಮಾಡುವ ಹೊತ್ತೇ ಹೋಟೆಲಿಗೆ ಗಿರಾಕಿಗಳು ನುಗ್ಗುವ ಹೊತ್ತು. ಗುಮಾಸ್ತರಿಗಾದರೋ ಡಿಸೆಂಬರಿನಲ್ಲಿ ರಜೆ ಉಳಿದಿದ್ದರೆ ಅದು ಊರಿನ ಜಾತ್ರೆಗೆ, ಮದುವೆಗೆ ಮೀಸಲು. ಆದುದರಿಂದ ನಮ್ಮವರ ಸಂಗೀತವೆಲ್ಲವೂ ರಾತ್ರಿ ಹತ್ತರ ಮೇಲೆ, ಕೋಣೆಯೊಳಗೆ, ಯಂತ್ರದ ಮುಖಾಂತರ. ಕಚೇರಿಗಳು ಮಾರಿಬಿಟ್ಟ ಹಳೆಯ ಕಂಪ್ಯೂಟರೊಂದು ಈಗ ಅನೇಕರ ಕೋಣೆಯಲ್ಲಿದೆ. ಅದರ ಹೊಟ್ಟೆಯೊಳಗಿನ ಸ್ಪೀಕರಿನ ದನಿಯಾದರೋ ಡಬ್ಬಿಯೊಳಗೆ ಸಿಕ್ಕ ದುಂಬಿಯ ದನಿ. ‘ಒಂದೆರಡು ಸಾವಿರದಲ್ಲಿ ಯಾವ ಸ್ಪೀಕರು ತರಲಿ?’ ಎಂದು ಶಿವಾಜಿನಗರದ ವಾಚಕರು ನಮ್ಮನ್ನು ಕೇಳುವುದುಂಟು. ಎರಡು ಸಾವಿರವೆಂದರೆ ಊರಿಗೆ ಕಳುಹಿಸಿ ಉಳಿದದ್ದರಲ್ಲಿ ಕೂಡಿಟ್ಟ ಎರಡು ಮೂರು ತಿಂಗಳ ಉಳಿತಾಯ. ಅದು ನೀರಿಗೆ ಹೋಗಬಾರದೆಂದು ಈ ಲೇಖನ.

ಯಂತ್ರ ಚಿಕ್ಕದಾದರೆ ಸಂಗೀತವೂ ಚಿಕ್ಕದೆಂದು ಯಾರೂ ತಿಳಿಯಬೇಕಾದುದಿಲ್ಲ. ಭೀಮಸೇನರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯನ್ನು ಕೇಳಿದ್ದು ಗ್ರಾಮಫೋನಿನ ತಟ್ಟೆಯಲ್ಲಿ. ಆ ಹುಚ್ಚು ಹಿಡಿದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟರು. ಆ ಕಾಲದ ಗ್ರಾಮಫೋನು ಇಂದಿನ ಅಗ್ಗದ ಸ್ಪೀಕರಿಗಿಂತಲೂ ಬಡಯಂತ್ರ. ಮಂದ್ರದ ತಳವನ್ನೂ ತಾರದ ತುದಿಯನ್ನೂ ಅದು ಬಿಟ್ಟುಬಿಡುತ್ತಿತ್ತು. ಆದರೆ ನಡುವಿನ ಕಂಠವನ್ನು ಉಳಿಸುತ್ತಿತ್ತು. ಇದರಿಂದ ನಾವು ತೆಗೆದ ತಾತ್ಪರ್ಯವಿಷ್ಟು: ಬಡವನ ಯಂತ್ರವು ಕೆಲವನ್ನು ಬಿಟ್ಟರೆ ಕ್ಷಮಿಸಬಹುದು, ಇಲ್ಲದ್ದನ್ನು ಸೇರಿಸಿದರೆ ಕ್ಷಮಿಸಲಾಗದು. ಉಪ್ಪು ಕಡಿಮೆಯಾದ ಸಾರನ್ನು ಉಣ್ಣಬಹುದಲ್ಲವೆ? ಹೆಚ್ಚಾದ ಸಾರನ್ನು ಚೆಲ್ಲಬೇಕು.

ಸೇರಿಸುವ ಯಂತ್ರಗಳೇ ಅಂಗಡಿಯಲ್ಲಿ ಮುಂದಿನ ಸಾಲಿನಲ್ಲಿರುತ್ತವೆ. ನಮ್ಮಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವ ಭಟ್ಟರೊಬ್ಬರು ಕೆಂಪು ನೀಲಿ ದೀಪ ಮಿನುಗುವ, ನೆಲದ ಮೇಲಿಡುವ ದೊಡ್ಡ ಪೆಟ್ಟಿಗೆಯೊಂದಿಗಿನ ಸೆಟ್ಟನ್ನು ಕೊಂಡುತಂದರು. ಸಿನಿಮಾ ಹಾಡಿಗೆ ಕೋಣೆಯೇ ಅದುರಿತು. ಕೋಣೆಯವರೆಲ್ಲ ಭೇಷ್ ಎಂದರು. ಭಟ್ಟರು ಮನಸೂರರ ಗಾಯನವನ್ನು ಹಾಕಿದಾಗ ಕಥೆ ಬೇರೆಯಾಯಿತು. ‘ಧಣಿಗಳೇ, ಬುವಾ ಅವರು ಹಂಡೆಯೊಳಗೆ ಕುಳಿತು ಹಾಡಿದ ಹಾಗೆ ಕೇಳುತ್ತದೆ’ ಎಂದು ಅವರು ಬಂದು ಹೇಳಿದರು. ಅವರ ಕಿವಿ ಸರಿಯಾಗಿಯೇ ಇತ್ತು. ಹಂಡೆಯೆಂದರೆ ಆ ನೆಲದ ಪೆಟ್ಟಿಗೆಯೇ.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ಗಂಡಸಾದ ಗವಾಯಿಯ ಮಧ್ಯ ಷಡ್ಜವು ಸಾಮಾನ್ಯವಾಗಿ 130-140 ಕಂಪನಗಳ ಸುತ್ತಮುತ್ತ. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಅಂದರೆ 65-70. ಎರಡು ಅಂಗುಲದ ಚಿಕ್ಕ ಸ್ಪೀಕರು ನೂರು, ನೂರೈವತ್ತರ ಕೆಳಗೆ ಇಳಿಯಲಾರದು. ಹಾಗಾದರೆ ತಂಬೂರಿ ಕೇಳಿಸುವುದೇ ಇಲ್ಲವೆ? ಕೇಳಿಸುತ್ತದೆ. ತಂತಿಯ ಒಂದು ಮೀಟಿನಲ್ಲಿ ಮೂಲಸ್ವರದೊಂದಿಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಅನುಸ್ವರಗಳೂ ಏಳುತ್ತವೆ. ಅವು ಕಿವಿಗೆ ಬಿದ್ದರೆ ಸಾಕು, ಕಾಣೆಯಾದ ಮೂಲಸ್ವರವನ್ನು ನಮ್ಮ ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹಳೆಯ ಟೆಲಿಫೋನು 300ರಿಂದ 3,400 ಕಂಪನಗಳನ್ನು ಮಾತ್ರ ಸಾಗಿಸುತ್ತಿತ್ತು; ಆದರೂ ಊರಿನಿಂದ ಮಾತನಾಡುತ್ತಿದ್ದವರು ತಂದೆಯೋ ತಾಯಿಯೋ ಎಂದು ಯಾರಿಗಾದರೂ ಸಂಶಯ ಬಂದದ್ದುಂಟೆ?

ಅಗ್ಗದ 2.1 ಸೆಟ್ಟಿನಲ್ಲಿ (ಎರಡು ಚಿಕ್ಕ ಸ್ಪೀಕರು, ಒಂದು ನೆಲದ ಪೆಟ್ಟಿಗೆ) ಖರ್ಚೆಲ್ಲ ಆ ಪೆಟ್ಟಿಗೆಯ ಮೇಲೆ. ಉಳಿದೆರಡು ಸ್ಪೀಕರುಗಳು ಹೆಸರಿಗಷ್ಟೆ. ಗಂಟಲಿನ ಕೆಳಭಾಗವೂ ತಬಲೆಯ ಎಡಗೈಯ ಬಾಯಾ ಕೂಡ ನೆಲದಿಂದ ಒಂದೇ ಗುಮ್ಮೆಂಬ ದನಿಯಾಗಿ ಏಳುತ್ತವೆ. ಒಳ್ಳೆಯ 2.1 ಸೆಟ್ಟುಗಳಿಲ್ಲವೆಂದಲ್ಲ, ಎರಡು ಸಾವಿರಕ್ಕೆ ಸಿಗುವುದಿಲ್ಲವೆಂದು ನಮ್ಮ ಅಭಿಪ್ರಾಯ. ಖಯಾಲು, ದಾಸರ ಪದ, ಭಾವಗೀತೆ, ನಾಟ್ಯಗೀತೆ ಕೇಳುವವರು ಕೇವಲ ಎರಡು ಸ್ಪೀಕರುಗಳ 2.0 ಜೋಡಿಯನ್ನೇ ತೆಗೆದುಕೊಳ್ಳತಕ್ಕದ್ದು.

ಇನ್ನು ವಾಟಿನ ಮಾತು. ಪೆಟ್ಟಿಗೆಯ ಮೇಲೆ ಸಾವಿರ, ಎರಡು ಸಾವಿರ ವಾಟೆಂದು ಬರೆದು ಪಕ್ಕದಲ್ಲಿ ಪಿ.ಎಂ.ಪಿ.ಓ. ಎಂಬ ನಾಲ್ಕಕ್ಷರ ಸೇರಿಸಿದ್ದರೆ ಆ ಅಂಕಿಯನ್ನು ಓದಲೇಬೇಡಿರಿ. ಅದನ್ನು ಅಳೆಯುವುದಕ್ಕೆ ಒಪ್ಪಿತವಾದ ಕ್ರಮವೇ ಇಲ್ಲ. ಮಾರುವವನ ಬಾಯಿಗೆ ಬಂದದ್ದೇ ಅಳತೆ. ಆರ್.ಎಂ.ಎಸ್. ಎಂದು ಬರೆದ ಅಂಕಿ ಮಾತ್ರ ನಂಬತಕ್ಕದ್ದು. ಅದಾದರೂ ಹೆಚ್ಚಿದ್ದಷ್ಟು ಒಳ್ಳೆಯದೆಂದೇನೂ ಇಲ್ಲ. ವಾಟು ಎರಡು ಪಟ್ಟಾದರೆ ಶಬ್ದವು ಏರುವುದು ಮೂರೇ ಡೆಸಿಬೆಲ್. ಕಿವಿಗೆ ಎರಡರಷ್ಟು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟು ಬೇಕು. ಆದುದರಿಂದ ಹತ್ತು ವಾಟಿಗೂ ಹದಿನೈದಕ್ಕೂ ಇರುವ ಅಂತರಕ್ಕಾಗಿ ಐನೂರು ರೂಪಾಯಿ ಹೆಚ್ಚು ಕೊಡುವುದು ದಂಡ. ಹತ್ತಡಿ ಚದರದ ಕೋಣೆಯಲ್ಲಿ, ಮೇಜಿನ ಮೇಲೆ ಕೈಗೆಟಕುವ ದೂರದಲ್ಲಿಟ್ಟ ಸ್ಪೀಕರಿಗೆ ಮೂರು ನಾಲ್ಕು ವಾಟು ಸಾಕು.

ಸಾವಿರದೊಳಗೆ ಬಜೆಟ್ಟಿರುವವರು ಸ್ಪೀಕರಿನ ಆಸೆ ಬಿಟ್ಟು ತಂತಿಯ ಇಯರ್‌ಫೋನು ಕೊಳ್ಳುವುದೇ ಲೇಸು. ಅದೇ ಹಣಕ್ಕೆ ಅದರಷ್ಟು ಶುದ್ಧವಾದ ದನಿ ಬೇರೆ ಯಾವುದರಲ್ಲಿಯೂ ಸಿಗದು. ಎಂಟು ಜನ ಮಲಗುವ ಹೋಟೆಲಿನ ಕೋಣೆಯಲ್ಲಿ ಅದು ಧರ್ಮವೂ ಹೌದು. ಎರಡು ಸಾವಿರದ ಆಸುಪಾಸಿನಲ್ಲಿ ಯು.ಎಸ್.ಬಿ. ತಂತಿಯಿಂದಲೇ ವಿದ್ಯುತ್ತು ಪಡೆಯುವ ಚಿಕ್ಕ ಜೋಡಿಗಳು ಬರುತ್ತವೆ. ಕ್ರಿಯೇಟಿವ್ ಕಂಪನಿಯ ಪೆಬಲ್ ಎಂಬುದು ಆ ಜಾತಿಯದು: ಎರಡಂಗುಲದ ಸ್ಪೀಕರು, ಮುಖ ಮೇಲಕ್ಕೆ 45 ಅಂಶ ವಾರೆಯಾಗಿರುವುದರಿಂದ ದನಿ ಎದೆಗೆ ಬಡಿಯದೆ ಕಿವಿಗೆ ಬರುತ್ತದೆ. ಕಂಠಸಂಗೀತಕ್ಕೆ ಇಷ್ಟು ಸಾಕು. ಮದುವೆಯ ಓಲಗಕ್ಕೆ ಸಾಲದು.

ವರ್ಷವಿಡೀ ಕೂಡಿಟ್ಟು ಎಂಟು ಹತ್ತು ಸಾವಿರ ಹಾಕಬಲ್ಲ ಗುಮಾಸ್ತರಿಗೆ ಮರದ ಪೆಟ್ಟಿಗೆಯ ಜೋಡಿಗಳಿವೆ. ಉದಾಹರಣೆಗೆ ಎಡಿಫೈಯರ್ ಆರ್1280ಟಿ: ನಾಲ್ಕಂಗುಲದ ದೊಡ್ಡ ಸ್ಪೀಕರಿನ ಮೇಲೆ ಅರ್ಧ ಅಂಗುಲದ ಚಿಕ್ಕದು, ಒಟ್ಟು 42 ವಾಟು. ಇಲ್ಲಿ ಬೆಲೆ ವಾಟಿಗಲ್ಲ, ಪೆಟ್ಟಿಗೆಗೆ. ಸ್ಪೀಕರಿನ ತತ್ವ 1925ರಲ್ಲಿ ಅಮೇರಿಕದ ರೈಸ್ ಮತ್ತು ಕೆಲಾಗ್ ಎಂಬವರು ವಿವರಿಸಿದಾಗಿನಿಂದ ಬಹಳ ಬದಲಾಗಿಲ್ಲ: ಅಯಸ್ಕಾಂತ, ತಂತಿಯ ಸುರುಳಿ, ಅದಕ್ಕಂಟಿದ ಕಾಗದದ ಶಂಕು. ಶಂಕು ದೊಡ್ಡದಾಗಿ, ಪೆಟ್ಟಿಗೆ ವಿಶಾಲವಾಗಿ, ಗಟ್ಟಿಯಾಗಿ ಇದ್ದರೆ ಮಂದ್ರವು ತಾನಾಗಿ ಬರುತ್ತದೆ. ನಮ್ಮ ಹಿರಿಯರ ಗಲ್ಲಾಪೆಟ್ಟಿಗೆಯ ಮೇಲಿನ ವಾಲ್ವ್ ರೇಡಿಯೋ ಇಂಪಾಗಿದ್ದುದರ ಗುಟ್ಟೂ ಇದೇ. ಅದರ ಮೈ ಮರದ್ದು, ಹೊಟ್ಟೆ ದೊಡ್ಡದು.

ಕೊಳ್ಳುವುದೆಲ್ಲಿ? ಶಿವಾಜಿನಗರದಿಂದ ಮೆಟ್ರೋ ಹತ್ತಿ ಮಂಡಯಿಯಲ್ಲಿ ಇಳಿದರೆ ಬುಧವಾರ ಪೇಠೆಯ ತಪಕೀರ ಗಲ್ಲಿ ನಡಿಗೆಯ ದೂರ. ವಿದ್ಯುತ್ ಸಾಮಾನಿನ ಅಂಗಡಿಗಳು ಅಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಅಂತರ್ಜಾಲದಲ್ಲಿ ನೂರಿನ್ನೂರು ಕಡಿಮೆಯಿರಬಹುದು; ಆದರೆ ಕೇಳಿ ಕೊಳ್ಳುವ ಸೌಕರ್ಯ ಅಲ್ಲಿಲ್ಲ. ಬುಧವಾರ, ರವಿವಾರ ನೆರೆಯುವ ಜುನಾ ಬಜಾರಿನಲ್ಲಿ ಹಳೆಯ ಸ್ಟೀರಿಯೋ ಜೋಡಿಗಳು ಅಗ್ಗಕ್ಕೆ ಸಿಗುವುದುಂಟು. ಅಲ್ಲಿ ಎರಡು ಎಚ್ಚರಿಕೆ. ಶಂಕುವಿನ ಅಂಚಿನ ಫೋಮು ಬೆರಳು ಮುಟ್ಟಿದರೆ ಪುಡಿಯಾಗುವಂತಿದ್ದರೆ ಬಿಟ್ಟುಬಿಡಿರಿ. ಶಂಕುವನ್ನು ಮೆಲ್ಲಗೆ ಒಳಕ್ಕೊತ್ತಿದಾಗ ಕರಕರ ಸದ್ದಾದರೆ ಸುರುಳಿ ಉಜ್ಜುತ್ತಿದೆಯೆಂದರ್ಥ. ಅಂಥವುಗಳಿಗೆ ಬೇರೆ ಆಂಪ್ಲಿಫೈಯರೂ ಬೇಕೆಂಬುದನ್ನು ಲೆಕ್ಕದಲ್ಲಿ ಹಿಡಿಯಬೇಕು.

ಅಂಗಡಿಯವನು ತನ್ನ ಹಾಡನ್ನು ಹಾಕಿ ತೋರಿಸುತ್ತಾನೆ. ಅದು ಸ್ಪೀಕರನ್ನು ಮಾರುವುದಕ್ಕೆಂದೇ ಆರಿಸಿದ ಹಾಡು. ಒಪ್ಪಬೇಡಿರಿ. ನಿಮ್ಮ ಮೊಬೈಲಿನಲ್ಲಿ ನಿಮಗೆ ನೂರು ಸಲ ಕೇಳಿ ಗೊತ್ತಿರುವ ಒಂದು ಗಾಯನವನ್ನು ಕೊಂಡೊಯ್ಯಿರಿ. ಮೊದಲು ಹಾಡನ್ನೂ ಅಲ್ಲ, ವಾರ್ತೆಯನ್ನು ಕೇಳಿರಿ. ಮನುಷ್ಯನ ಮಾತು ಹೇಗಿರಬೇಕೆಂಬುದು ಎಲ್ಲರಿಗೂ ಹುಟ್ಟಿನಿಂದ ಗೊತ್ತು. ವಾರ್ತೆ ಓದುವವನಿಗೆ ನೆಗಡಿಯಾದಂತೆಯೋ, ಅವನು ಕೊಡದೊಳಗಿಂದ ಓದಿದಂತೆಯೋ ಕೇಳಿದರೆ ಆ ಸ್ಪೀಕರು ಬೇಡ. ಆಮೇಲೆ ಆಲಾಪದ ಭಾಗವನ್ನು ಮೆತ್ತಗೆ ಹಾಕಿ ತಂಬೂರಿಯ ಝೇಂಕಾರ ಗಾಯಕರ ಹಿಂದೆ ಬೇರೆಯಾಗಿ ನಿಲ್ಲುತ್ತದೆಯೇ ನೋಡಿರಿ. ತಿರುಪನ್ನು ಮುಕ್ಕಾಲಕ್ಕೆ ಏರಿಸಿದಾಗ ತಾರಷಡ್ಜ ಒಡೆಯಬಾರದು. ಏನೂ ಹಾಡದಿದ್ದಾಗ ಗುಂಯ್ ಎನ್ನಬಾರದು. ಇಷ್ಟಕ್ಕೆ ಹತ್ತು ನಿಮಿಷ ಬೇಕು. ‘ಜಲ್ದಿ ಕರಾ’ ಎಂದು ಅವಸರಪಡಿಸುವ ಅಂಗಡಿಯಿಂದ ಹೊರಡಿರಿ, ಪಕ್ಕದಲ್ಲಿಯೇ ಇನ್ನೊಂದಿದೆ.

ಮನೆಗೆ ತಂದ ಮೇಲೆ ಕಾಸಿಲ್ಲದ ಕೆಲಸವೊಂದಿದೆ. ಅದನ್ನು ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ. ಎರಡು ಸ್ಪೀಕರುಗಳ ನಡುವಿನ ಅಂತರ ಎಷ್ಟೋ, ಅವುಗಳಿಂದ ನಿಮ್ಮ ಕಿವಿಗೂ ಅಷ್ಟೇ ಅಂತರವಿರಲಿ. ದನಿ ಬರುವ ಮುಖ ಕಿವಿಯ ಮಟ್ಟಕ್ಕೆ ಬರುವಂತೆ ಕೆಳಗೆ ಎರಡು ಹಳೆಯ ಲೆಡ್ಜರನ್ನಿಟ್ಟರಾಯಿತು. ಗೋಡೆಯ ಮೂಲೆಗೆ ಒತ್ತಿದರೆ ಮಂದ್ರವು ಉಬ್ಬುತ್ತದೆ. ಚಿಕ್ಕ ಸ್ಪೀಕರಿಗೆ ಗೋಡೆಯ ಸಾಮೀಪ್ಯ ತುಸು ಉಪಕಾರಿ, ಮೂಲೆ ಮಾತ್ರ ಬೇಡ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಇದೆಯೇ ಎಂದು ಒಮ್ಮೆ ನೋಡಿರಿ.

ಸ್ಪೀಕರು ಒಳ್ಳೆಯದಾದಷ್ಟು ಕೆಟ್ಟ ಮುದ್ರಣದ ಕೆಡುಕು ಎದ್ದು ಕಾಣುವುದೆಂಬುದೂ ನಿಜ. ಕೈಯಿಂದ ಕೈಗೆ ದಾಟಿ ಸವೆದ 64 ಕಿಲೋಬಿಟ್ಟಿನ ಫೈಲುಗಳಿಗೆ ಹತ್ತು ಸಾವಿರದ ಸ್ಪೀಕರು ಏನು ಮಾಡೀತು? ದುಡ್ಡಿಲ್ಲದೆ ಕೇಳುವವರಿಗೆ ಆಕಾಶವಾಣಿಯೇ ಗತಿ, ಅದು ಸದ್ಗತಿಯೂ ಹೌದು. 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ ರಾಗಂ ವಾಹಿನಿಯಲ್ಲಿ ಶಾಸ್ತ್ರೀಯ ಸಂಗೀತ ಮಾತ್ರ. ಅದೂ, 1950ರಿಂದ ನುಡಿಯುತ್ತಿರುವ ಧಾರವಾಡ ಕೇಂದ್ರವೂ ‘ನ್ಯೂಸ್ ಆನ್ ಏರ್’ ಎಂಬ ಆ್ಯಪಿನಲ್ಲಿ ಸಿಗುತ್ತವೆ. ಪುಣೆಯಲ್ಲಿ ಕುಳಿತು ಧಾರವಾಡವನ್ನು ಕೇಳುವುದಕ್ಕೆ ನಮ್ಮ ತಂದೆಯವರ ಕಾಲದಲ್ಲಿ ಏರಿಯಲ್ ಕಟ್ಟಿ ರಾತ್ರಿಯಾಗುವುದನ್ನು ಕಾಯಬೇಕಾಗಿತ್ತು.

ಕಡೆಯದಾಗಿ ಹೋಟೆಲಿನವರಿಗೇ ಸಂಬಂಧಿಸಿದ ಒಂದು ಮಾತು; ಇದನ್ನು ಯಾವ ಕಂಪನಿಯ ಕಾಗದದಲ್ಲಿಯೂ ಬರೆದಿರುವುದಿಲ್ಲ. ಅಡುಗೆಮನೆಯ ಮೇಲಿನ ಕೋಣೆಯಲ್ಲಿರುವವರ ಸ್ಪೀಕರಿಗೆ ದೊಡ್ಡ ವೈರಿ ಒಗ್ಗರಣೆಯ ಹೊಗೆ. ಎಣ್ಣೆಯ ಜಿಡ್ಡು ಶಂಕುವಿಗೆ ಹತ್ತಿ, ಅದರ ಮೇಲೆ ಧೂಳು ಕುಳಿತು, ಒಂದೆರಡು ವರ್ಷದಲ್ಲಿ ದನಿ ಮಂಕಾಗುತ್ತದೆ. ಕೇಳದಿರುವಾಗ ತೆಳುವಾದ ಒಗೆದ ಪಂಚೆಯನ್ನು ಹೊದಿಸಿಡಿರಿ; ಒದ್ದೆ ಬಟ್ಟೆಯಿಂದ ಶಂಕುವನ್ನು ಎಂದಿಗೂ ಒರೆಸಬೇಡಿರಿ. ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಯಾಡುವ ತೂತಿದ್ದರೆ ಜಿರಲೆಗಳು ಒಳಸೇರಿ ಸಂಸಾರ ಹೂಡುತ್ತವೆ. ಆ ಬಾಯಿಗೆ ಸೊಳ್ಳೆಪರದೆಯ ತುಂಡೊಂದನ್ನು ರಬ್ಬರ್ ಬ್ಯಾಂಡಿನಿಂದಲೋ ಅಂಟುಪಟ್ಟಿಯಿಂದಲೋ ಬಿಗಿದರೆ ಗಾಳಿಗೆ ಅಡ್ಡಿಯಿಲ್ಲ, ಜಿರಲೆಗೆ ದಾರಿಯಿಲ್ಲ.